ಹಳೇ ಟರ್ಬೊ ಗಾಡಿ ಎಳೀವಲ್ದಾ? ಬೂಸ್ಟ್ ಏರಿಸೋ ಮೊದಲು ಇಷ್ಟು ನೋಡ್ಕೊಳ್ರಿ

ಕಲಬುರಗಿ: ತೊಗರಿ ರಾಶಿ ಮುಗಿದು ಚೀಲಗಳು ಕಲಬುರಗಿ ಎಪಿಎಂಸಿಗೆ ಹೊರಡುವ ಹೊತ್ತಿಗೆ, ಅಂಗಡಿ ಮಾಲು ತರಲು ಸೊಲ್ಲಾಪುರ ದಾರಿ ಹಿಡಿದಾಗ, ಇಲ್ಲವೇ ಹುಣ್ಣಿಮೆಗೆ ಮನೆಮಂದಿಯನ್ನೆಲ್ಲ ತುಂಬಿಕೊಂಡು ದೇವಲ ಗಾಣಗಾಪುರಕ್ಕೆ ಹೊರಟಾಗ ಆಳಂದ, ಅಫಜಲಪುರ, ಜೇವರ್ಗಿ ತಾಲೂಕಿನ ಹಳೇ ಡೀಸೆಲ್ ಗಾಡಿ ಮಾಲೀಕರ ಬಾಯಲ್ಲಿ ಒಂದೇ ಮಾತು: ‘ಗಾಡಿ ಎಳೀವಲ್ದು, ಪಿಕಪ್ ಹೋಗ್ಯಾದ’. ಗ್ಯಾರೇಜಿಗೆ ಹೋದರೆ ಸಲಹೆ ಕೊಡುವವರು ನಾಲ್ಕು ಮಂದಿ. ಅದರಲ್ಲಿ ಒಬ್ಬರಾದರೂ ‘ಟರ್ಬೊ ರಾಡ್ ಸ್ವಲ್ಪ ಟೈಟ್ ಮಾಡಿದ್ರ ಸರಿ ಹೋಗ್ತದ’ ಅಂತಾರೆ.

ಆ ಮಾತು ಪೂರಾ ಸುಳ್ಳಲ್ಲ. ರಾಡ್ ತಿರುವಿದರೆ ಬೂಸ್ಟ್ ಏರೋದು ನಿಜ. ಆದರೆ ಹಳೇ ಗಾಡಿ ಎಳೆಯದೇ ಇರೋದಕ್ಕೆ ಬಹಳ ಸಲ ಕಾರಣ ಬೇರೆ ಇರುತ್ತದೆ: ಸೀಳಿದ ರಬ್ಬರ್ ಪೈಪು, ಸಡಿಲಾದ ಕ್ಲಾಂಪು, ಧೂಳು ತುಂಬಿದ ಏರ್ ಫಿಲ್ಟರ್. ಕಾರಣ ಹುಡುಕದೇ ರಾಡ್ ತಿರುವಿದರೆ ಪೈಪಿನ ಖರ್ಚಲ್ಲಿ ಮುಗಿಯುವ ಕೆಲಸ ಟರ್ಬೊ, ಹೆಡ್ ಗ್ಯಾಸ್ಕೆಟ್, ಪಿಸ್ಟನ್ ತನಕ ಹೋಗಬಹುದು. ಗಾಡಿಯ ಮೇಲೇ ಹೊಟ್ಟೆ ಹೊರೆಯುವ ಮನೆಗೆ ಇದು ಸಣ್ಣ ವಿಷಯವಲ್ಲ. ಹೀಗಾಗಿ ಬೂಸ್ಟ್ ಅಂದ್ರೆ ಏನು, ಅದನ್ನು ಅಳೆಯೋದು ಹೇಗೆ, ಯಾವಾಗ ಮುಟ್ಟಬೇಕು, ಯಾವಾಗ ಮುಟ್ಟಬಾರದು ಎಂಬ ಮಾಹಿತಿ ಇಲ್ಲಿದೆ.

ಬೂಸ್ಟ್ ಅಂದ್ರೆ ಏನು?

ಎಂಜಿನ್ನಿನಿಂದ ಹೊರಬೀಳುವ ಬಿಸಿ ಹೊಗೆಯ ರಭಸದಿಂದ ಒಂದು ಫ್ಯಾನ್ ತಿರುಗುತ್ತದೆ. ಅದೇ ಶಾಫ್ಟಿನ ಇನ್ನೊಂದು ತುದಿಯಲ್ಲಿರುವ ಫ್ಯಾನ್ ಹೊರಗಿನ ಗಾಳಿಯನ್ನು ಎಳೆದು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಇದೇ ಟರ್ಬೊ. ಹೆಚ್ಚು ಗಾಳಿ ಹೋದರೆ ಹೆಚ್ಚು ಡೀಸೆಲ್ ಚೆನ್ನಾಗಿ ಉರಿಯುತ್ತದೆ, ಸಣ್ಣ ಎಂಜಿನ್ನೂ ದೊಡ್ಡ ಎಂಜಿನ್ನಿನ ಹಾಗೆ ಎಳೆಯುತ್ತದೆ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್‌ಫ್ರೆಡ್ ಬ್ಯೂಕಿ 1905ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರು. ಡೀಸೆಲ್ ಕಾರಿಗೆ ಇದು ಬಂದದ್ದು ಬಹಳ ತಡವಾಗಿ, 1978ರ ಮರ್ಸಿಡಿಸ್ 300 ಎಸ್‌ಡಿ ಕಾರಿನಲ್ಲಿ.

ಹೊರಗಿನ ಗಾಳಿಯ ಒತ್ತಡಕ್ಕಿಂತ ಟರ್ಬೊ ಎಷ್ಟು ಹೆಚ್ಚು ಒತ್ತಡ ಕೊಡುತ್ತದೋ ಅದು ಬೂಸ್ಟ್. ಲೆಕ್ಕ ಬಾರ್ ಅಥವಾ ಪಿಎಸ್‌ಐನಲ್ಲಿ. 1 ಬಾರ್ ಅಂದ್ರೆ ಸುಮಾರು 14.5 ಪಿಎಸ್‌ಐ. ಕಾರಿನ ಟೈರಿಗೆ 30ರ ಆಸುಪಾಸು ಪಿಎಸ್‌ಐ ಗಾಳಿ ಹಾಕಿಸುತ್ತೇವೆ. ಹಳೇ ಟರ್ಬೊ ಡೀಸೆಲ್ ಗಾಡಿಗಳ ಬೂಸ್ಟ್ ಸಾಮಾನ್ಯವಾಗಿ ಅದರ ಅರ್ಧದ ಹತ್ತಿರ ಇರುತ್ತದೆ. ನಿಖರ ಅಂಕಿ ಗಾಡಿಯಿಂದ ಗಾಡಿಗೆ, ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ. ಅದು ಆ ಗಾಡಿಯ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ‘ಎಲ್ಲಾ ಗಾಡಿಗೂ ಇಷ್ಟೇ’ ಅನ್ನೋ ಲೆಕ್ಕ ನಂಬಬಾರದು.

ಬೂಸ್ಟ್ ಮಿತಿ ಮೀರದಂತೆ ನೋಡಿಕೊಳ್ಳೋಕೆ ಟರ್ಬೊ ಪಕ್ಕದಲ್ಲಿ ಒಂದು ಡಬ್ಬಿ ಇರುತ್ತದೆ. ಅದೇ ಆಕ್ಚುಯೇಟರ್. ಒಳಗೆ ಸ್ಪ್ರಿಂಗ್ ಮತ್ತು ರಬ್ಬರ್ ಪೊರೆ, ಹೊರಗೆ ಒಂದು ರಾಡ್. ಟರ್ಬೊ ಗಾಳಿ ಸಣ್ಣ ಪೈಪಿನಲ್ಲಿ ಈ ಡಬ್ಬಿಗೂ ಬರುತ್ತದೆ. ಒತ್ತಡ ಏರಿದಾಗ ಪೊರೆ ಸ್ಪ್ರಿಂಗನ್ನು ಒತ್ತಿ ರಾಡನ್ನು ತಳ್ಳುತ್ತದೆ. ಆಗ ವೇಸ್ಟ್‌ಗೇಟ್ ಎಂಬ ಸಣ್ಣ ಬಾಗಿಲು ತೆರೆದು, ಒಂದಷ್ಟು ಹೊಗೆ ಫ್ಯಾನಿಗೆ ತಾಗದೇ ನೇರ ಸೈಲೆನ್ಸರ್ ಕಡೆ ಹೋಗುತ್ತದೆ. ಅಲ್ಲಿಗೆ ಬೂಸ್ಟ್ ನಿಲ್ಲುತ್ತದೆ. ರಾಡ್ ಗಿಡ್ಡ ಮಾಡಿದರೆ ಬಾಗಿಲು ತಡವಾಗಿ ತೆರೆಯುತ್ತದೆ, ಬೂಸ್ಟ್ ಏರುತ್ತದೆ. ಉದ್ದ ಮಾಡಿದರೆ ಬೇಗ ತೆರೆಯುತ್ತದೆ, ಬೂಸ್ಟ್ ಇಳಿಯುತ್ತದೆ.

ಮೊದಲು ನಿಮ್ಮ ಗಾಡಿ ಯಾವ ನಮೂನೆ ಅಂತ ತಿಳ್ಕೊಳ್ಳಿ

ಟರ್ಬೊ ಇಲ್ಲದ್ದು: ಟೊಯೋಟಾ ಕ್ವಾಲಿಸ್ ಡೀಸೆಲ್, ಮೊದಲ ಕಾಲದ ಟಾಟಾ ಇಂಡಿಕಾ ಡೀಸೆಲ್‌ಗಳಿಗೆ ಟರ್ಬೊನೇ ಇಲ್ಲ. ಇವು ಎಳೆಯದಿದ್ದರೆ ಫಿಲ್ಟರ್, ಪಂಪ್, ನಾಜಲ್, ಕಂಪ್ರೆಷನ್ ನೋಡಬೇಕು.

ಸಾದಾ ವೇಸ್ಟ್‌ಗೇಟ್ ಟರ್ಬೊ: ಬೊಲೆರೊ ಡಿಐ ಟರ್ಬೊ, ಶೆವರ್ಲೆ ತವೇರಾ, 75 ಅಶ್ವಶಕ್ತಿಯ ಸ್ವಿಫ್ಟ್ ಡೀಸೆಲ್‌ನಂಥವು ಈ ಗುಂಪಿನವು. ಇವುಗಳಲ್ಲಿ ಡಬ್ಬಿ, ರಾಡ್ ಕಣ್ಣಿಗೆ ಕಾಣುತ್ತವೆ. ಈ ಗುಂಪಿನ ಹಳೇ ಗಾಡಿಗಳಿಗೆ ಮಾತ್ರ ರಾಡ್ ಸೆಟ್ಟಿಂಗ್ ಮಾತು ಅನ್ವಯ.

ವಿಜಿಟಿ ಟರ್ಬೊ: ಸ್ಕಾರ್ಪಿಯೊ ಎಂಹಾಕ್, 90 ಅಶ್ವಶಕ್ತಿಯ 1.3 ಲೀಟರ್ ಡೀಸೆಲ್‌ಗಳಲ್ಲಿ ಇರೋದು ಇದು. ಇದರಲ್ಲಿ ವೇಸ್ಟ್‌ಗೇಟ್ ಬಾಗಿಲಿಲ್ಲ. ಹೊಗೆ ಬೀಳುವ ದಾರಿಯಲ್ಲಿ ಸಣ್ಣ ಸಣ್ಣ ರೆಕ್ಕೆಗಳಿದ್ದು, ಅವು ತಿರುಗಿ ದಾರಿಯನ್ನು ಕಿರಿದು, ಅಗಲ ಮಾಡುತ್ತವೆ. ಅವನ್ನು ತಿರುವೋದು ಎಂಜಿನ್ ಕಂಪ್ಯೂಟರ್. ಇದರ ರಾಡ್, ಸ್ಟಾಪ್ ಸ್ಕ್ರೂ ರಸ್ತೆ ಬದಿಯಲ್ಲಿ ಮುಟ್ಟೋ ವಸ್ತುಗಳೇ ಅಲ್ಲ. ಫ್ಯಾಕ್ಟರಿಯಲ್ಲಿ ಅಳತೆ ಯಂತ್ರದ ಮೇಲೆ ಕೂಡಿಸಿ ಸೆಟ್ ಮಾಡಿರುತ್ತಾರೆ.

ಸ್ಕ್ರೂಗಿಂತ ಮೊದಲು ಪೈಪ್

ಅನುಭವಿ ಮೆಕ್ಯಾನಿಕ್ ಯಾವತ್ತೂ ಗಾಳಿಯ ದಾರಿ ಹಿಡಿದು ಹೋಗ್ತಾರೆ. ಆ ಕ್ರಮ ಹೀಗಿದೆ.

1. ಏರ್ ಫಿಲ್ಟರ್: ರಾಶಿ ಕಾಲದ ಹೊಟ್ಟು, ಹೊಲದ ದಾರಿಯ ಕಪ್ಪು ಮಣ್ಣಿನ ಧೂಳು ಮೊದಲು ಕೂಡೋದು ಇಲ್ಲಿ. ಫಿಲ್ಟರ್ ಕಟ್ಟಿದ್ದರೆ ಟರ್ಬೊ ಎಷ್ಟು ತಿರುಗಿದರೂ ಗಾಳಿ ಸಿಗೋದಿಲ್ಲ. ಫಿಲ್ಟರ್ ಹರಿದಿದ್ದರೆ ಅಥವಾ ಡಬ್ಬಿ ಸರಿಯಾಗಿ ಕೂಡದಿದ್ದರೆ ಧೂಳು ನೇರ ಫ್ಯಾನಿನ ರೆಕ್ಕೆಗೆ ಬಡಿದು ಅದನ್ನು ಸವೆಸುತ್ತದೆ.

2. ಟರ್ಬೊದಿಂದ ಎಂಜಿನ್ ತನಕದ ಪೈಪುಗಳು: ಹಳೇ ರಬ್ಬರ್ ಪೈಪು ನಿಂತಾಗ ಚೆನ್ನಾಗೇ ಕಾಣುತ್ತದೆ. ಒತ್ತಡ ಬಿದ್ದಾಗ ಮಾತ್ರ ಸೀಳು ಬಾಯಿ ಬಿಡುತ್ತದೆ. ಆಕ್ಸಿಲೇಟರ್ ಒತ್ತಿದಾಗ ‘ಸುಸ್’ ಅಂತ ಸದ್ದು, ಜೊತೆಗೆ ಕಪ್ಪು ಹೊಗೆ ಬಂದರೆ ಗುಮಾನಿ ಇಲ್ಲೇ ಮಾಡಬೇಕು. ಪೈಪಿನ ಕೆಳಭಾಗವನ್ನು ಕೈಯಿಂದ ಸವರಿ ನೋಡಿ. ಆಯಿಲ್ ಮೆತ್ತಿ ಧೂಳು ಅಂಟಿದ ಜಾಗ ಸಿಕ್ಕರೆ ಗಾಳಿ ಸೋರೋದು ಅಲ್ಲಿಂದಲೇ. ಎಂಜಿನ್ ಬಂದ್ ಇದ್ದು ತಣ್ಣಗಾದ ಮೇಲೆ ಮಾತ್ರ ಕೈ ಹಾಕಬೇಕು.

3. ಇಂಟರ್‌ಕೂಲರ್: ಇರುವ ಗಾಡಿಗಳಲ್ಲಿ ಅದರ ಜಾಲರಿಗೆ ಹುಳ, ಹೊಟ್ಟು, ಮಣ್ಣು ಕೂಡುತ್ತದೆ. ನಿಧಾನಕ್ಕೆ ನೀರು ಬಿಟ್ಟು ತೊಳೆಯಬೇಕು. ಪ್ರೆಷರ್ ವಾಷ್ ಹತ್ತಿರದಿಂದ ಹೊಡೆದರೆ ಜಾಲರಿಯ ಹಲ್ಲು ಮಡಚಿ ಹೋಗುತ್ತವೆ.

4. ಸಣ್ಣ ಪೈಪುಗಳು: ಆಕ್ಚುಯೇಟರ್ ಡಬ್ಬಿಗೆ ಹೋಗೋ ಸಣ್ಣ ಪೈಪು ಹರಿದರೆ ವೇಸ್ಟ್‌ಗೇಟ್ ತೆರೆಯೋದೇ ಇಲ್ಲ, ಬೂಸ್ಟ್ ಮಿತಿ ಮೀರುತ್ತದೆ. ಇದು ಅಪಾಯದ್ದು, ಯಾಕಂದ್ರೆ ಗಾಡಿ ಕೆಲವು ದಿನ ಜೋರಾಗೇ ಓಡುತ್ತದೆ, ಮಾಲೀಕರು ಖುಷಿಯಲ್ಲಿರ್ತಾರೆ. ಕೆಲವು ಹಳೇ ಡೀಸೆಲ್ ಪಂಪುಗಳ ತಲೆಯ ಮೇಲೂ ಇಂಥದ್ದೇ ಪೊರೆ ಇದ್ದು, ಬೂಸ್ಟ್ ಬಂದಾಗ ಅದು ಡೀಸೆಲ್ ಹೆಚ್ಚಿಸುತ್ತದೆ. ಅದರ ಪೈಪು ಹರಿದರೆ ಬೂಸ್ಟ್ ಸರಿ ಇದ್ದೂ ಗಾಡಿ ಎಳೆಯೋದಿಲ್ಲ, ಹೊಗೆಯೂ ಬರೋದಿಲ್ಲ. ವಿಜಿಟಿ ಗಾಡಿಗಳಲ್ಲಿ ವ್ಯಾಕ್ಯೂಮ್ ಪೈಪುಗಳು ಬಿಸಿಗೆ ಒಣಗಿ ಬಿರಿಯೋದು ಸಾಮಾನ್ಯ.

5. ಡೀಸೆಲ್ ಫಿಲ್ಟರ್, ಸೈಲೆನ್ಸರ್: ಡೀಸೆಲ್ ಸಾಲದಿದ್ದರೂ, ಹೊಗೆ ಹೊರಹೋಗಲು ದಾರಿ ಕಟ್ಟಿದ್ದರೂ ಗಾಡಿ ಎಳೆಯೋದಿಲ್ಲ. ಎರಡಕ್ಕೂ ಟರ್ಬೊ ಕಾರಣವಲ್ಲ.

ಕಂಪ್ಯೂಟರ್ ಇರುವ ಗಾಡಿಗೆ ಸ್ಕ್ಯಾನರ್ ಹಾಕಿಸೋದು ಉತ್ತಮ. ಪಿ0299 ಕೋಡ್ ಬಂದರೆ ಬೂಸ್ಟ್ ಕಡಿಮೆ, ಪಿ0234 ಬಂದರೆ ಹೆಚ್ಚು ಎಂದರ್ಥ. ಕೋಡ್ ರೋಗದ ಲಕ್ಷಣ ಹೇಳುತ್ತದೆಯೇ ಹೊರತು ಕಾರಣ ಹೇಳೋದಿಲ್ಲ. ಪಿ0299 ಬಂತು ಅಂತ ಸೀದಾ ಹೊಸ ಟರ್ಬೊ ಹಾಕಿಸೋಕೆ ಹೋಗಬೇಡಿ. ಸಡಿಲ ಕ್ಲಾಂಪಿಗೂ, ಮಸಿ ಹಿಡಿದ ಬೂಸ್ಟ್ ಸೆನ್ಸರಿಗೂ ಅದೇ ಕೋಡ್ ಬರಬಹುದು.

ಹೊಗೆ ಏನು ಹೇಳುತ್ತದೆ?

ಕಪ್ಪು ಹೊಗೆ: ಡೀಸೆಲ್ ಹೆಚ್ಚು, ಗಾಳಿ ಕಡಿಮೆ. ಪೈಪ್ ಸೋರಿಕೆ, ಫಿಲ್ಟರ್, ನಾಜಲ್ ನೋಡಿ.

ನೀಲಿ ಹೊಗೆ: ಎಂಜಿನ್ ಆಯಿಲ್ ಉರಿಯುತ್ತಿದೆ. ಟರ್ಬೊ ಸೀಲ್ ಅಥವಾ ಪಿಸ್ಟನ್ ರಿಂಗ್. ಬೂಸ್ಟ್ ಮುಟ್ಟೋ ಮಾತೇ ಬೇಡ.

ಬಿಳಿ ಹೊಗೆ ನಿಲ್ಲದೇ ಬಂದು, ರೇಡಿಯೇಟರ್ ನೀರೂ ಇಳಿಯುತ್ತಿದ್ದರೆ: ಹೆಡ್ ಗ್ಯಾಸ್ಕೆಟ್ ಗುಮಾನಿ. ಗಾಡಿ ನಿಲ್ಲಿಸಿ.

ಅಳೆಯದೇ ತಿರುವಬೇಡಿ

ಬೂಸ್ಟ್ ಎಷ್ಟಿದೆ ಎಂದು ಕಿವಿಯಿಂದ, ಪಿಕಪ್‌ನಿಂದ ಗೊತ್ತಾಗೋದಿಲ್ಲ. ಅದಕ್ಕೆ ಗೇಜ್ ಬೇಕು. ಇಂಟೇಕ್ ಮ್ಯಾನಿಫೋಲ್ಡ್‌ನಿಂದ ಬರುವ ಸಣ್ಣ ಪೈಪಿಗೆ ‘ಟಿ’ ಜಾಯಿಂಟ್ ಹಾಕಿ, ಉದ್ದನೆಯ ಪೈಪಿನಲ್ಲಿ ಗೇಜನ್ನು ಕ್ಯಾಬಿನ್ ಒಳಗೆ ತರಬೇಕು. ಗಾಡಿ ನಿಂತಾಗ ರೇಸ್ ಮಾಡಿ ನೋಡಿದರೆ ಪ್ರಯೋಜನವಿಲ್ಲ. ಲೋಡ್ ಇಲ್ಲದೇ ಬೂಸ್ಟ್ ಪೂರಾ ಏರೋದಿಲ್ಲ. ವಾಹನ ದಟ್ಟಣೆ ಇಲ್ಲದ ರಸ್ತೆಯಲ್ಲಿ ಮೂರನೇ ಗೇರಿನಲ್ಲಿ, ಕಡಿಮೆ ಆರ್‌ಪಿಎಂನಿಂದ ಪೂರ್ತಿ ಆಕ್ಸಿಲೇಟರ್ ಕೊಟ್ಟು ನೋಡಬೇಕು. ಗೇಜ್ ಓದೋದು ಪಕ್ಕದಲ್ಲಿ ಕೂತವರ ಕೆಲಸ, ಓಡಿಸುವವರ ಕಣ್ಣು ರಸ್ತೆ ಮೇಲೇ ಇರಬೇಕು.

ಬಂದ ಅಂಕಿಯನ್ನು ಆ ಗಾಡಿಯ ಕಂಪನಿ ಅಂಕಿಗೆ ಹೋಲಿಸಿ. ಎರಡೂ ಹತ್ತಿರ ಇದ್ದರೆ ಟರ್ಬೊ ಆರೋಗ್ಯವಾಗಿದೆ, ತೊಂದರೆ ಬೇರೆ ಕಡೆ ಇದೆ.

ಕಡಿಮೆ ಇದ್ದು, ಪೈಪುಗಳೂ ಸರಿ ಇದ್ದರೆ ಮಾತ್ರ ಆಕ್ಚುಯೇಟರ್ ಪರೀಕ್ಷೆ. ಗೇಜ್ ಇರುವ ಕೈ ಪಂಪಿನಿಂದ ಡಬ್ಬಿಗೆ ಮೆಲ್ಲಗೆ ಗಾಳಿ ಕೊಟ್ಟು, ರಾಡ್ ಎಷ್ಟು ಒತ್ತಡಕ್ಕೆ ಅಲುಗಾಡುತ್ತದೆ ಎಂದು ನೋಡಬೇಕು. ಗಾಳಿ ಹಿಡಿದಿಟ್ಟರೂ ಮುಳ್ಳು ಇಳಿಯುತ್ತಿದ್ದರೆ ಒಳಗಿನ ಪೊರೆ ಹರಿದಿದೆ, ಡಬ್ಬಿ ಬದಲಿಸಬೇಕು. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿ ನೇರ ಹಿಡಿಯಬಾರದು. ಅದರ ಒತ್ತಡ ಈ ಡಬ್ಬಿಗೆ ಬೇಕಾದ್ದಕ್ಕಿಂತ ಹಲವು ಪಟ್ಟು. ಚೆನ್ನಾಗಿದ್ದ ಪೊರೆಯೂ ಒಡೆಯುತ್ತದೆ. ಜೊತೆಗೆ ವೇಸ್ಟ್‌ಗೇಟ್ ಬಾಗಿಲು ಮಸಿ ಹಿಡಿದು ಅರ್ಧ ತೆರೆದೇ ನಿಂತಿದೆಯಾ ಎಂದೂ ನೋಡಬೇಕು. ಬಾಗಿಲೇ ಮುಚ್ಚದಿದ್ದರೆ ರಾಡ್ ಎಷ್ಟು ತಿರುವಿದರೂ ವ್ಯರ್ಥ.

ಸೆಟ್ಟಿಂಗ್ ಮಾಡೋದು ಹೇಗೆ?

ರಾಡ್ ಸೆಟ್ಟಿಂಗ್‌ಗೆ ನ್ಯಾಯವಾದ ಸಂದರ್ಭ ಇರೋದು ಎರಡೇ: ಹೊಸ ಆಕ್ಚುಯೇಟರ್ ಅಥವಾ ರಿಪೇರಿ ಆದ ಟರ್ಬೊ ಕೂಡಿಸಿದಾಗ, ಇಲ್ಲವೇ ಹಿಂದೆ ಯಾರೋ ತಿರುವಿ ಕೆಡಿಸಿದ್ದನ್ನು ಮತ್ತೆ ಕಂಪನಿ ಅಳತೆಗೆ ತರುವಾಗ. ಕ್ರಮ ಹೀಗೆ.

– ಎಂಜಿನ್ ಪೂರಾ ತಣ್ಣಗಿರಲಿ. ಟರ್ಬೊ ಮೈ ಮುಟ್ಟಿದರೆ ಕೈ ಸುಡುತ್ತದೆ.
– ಈಗಿರುವ ಜಾಗಕ್ಕೆ ಪೇಂಟ್ ಗುರುತು ಹಾಕಿ, ಹೊರಗೆ ಕಾಣುವ ಥ್ರೆಡ್ ಎಣಿಸಿ ಬರೆದಿಟ್ಟುಕೊಳ್ಳಿ. ಮೊಬೈಲಿನಲ್ಲಿ ಫೋಟೊ ತೆಗೆದರೂ ಆಯ್ತು.
– ಲಾಕ್ ನಟ್ ಸಡಿಲಿಸಿ, ಕ್ಲಿಪ್ ತೆಗೆದು ರಾಡ್ ತುದಿಯನ್ನು ಬಾಗಿಲಿನ ಪಿನ್ನಿನಿಂದ ಬಿಡಿಸಿ. ಕಚ್ಚಿಕೊಂಡಿದ್ದರೆ ಬಲ ಹಾಕಬೇಡಿ, ಆಯಿಲ್ ಬಿಟ್ಟು ಕಾಯಿರಿ. ರಾಡ್ ಬಾಗಿದರೆ ಕೆಲಸ ಕೆಟ್ಟಂತೆ.
– ಒಂದು ಸಲಕ್ಕೆ ಅರ್ಧ ಸುತ್ತು ಮಾತ್ರ. ಬಾಗಿಲು ಮುಚ್ಚಿದ ಸ್ಥಿತಿಯಲ್ಲಿ ರಾಡನ್ನು ಸ್ವಲ್ಪ ಎಳೆದರೆ ಪಿನ್ನಿಗೆ ಕೂಡಬೇಕು. ಎಳೆಯದೇ ಸಡಿಲಾಗಿ ಕೂತರೆ ಬಾಗಿಲು ಗಟ್ಟಿ ಮುಚ್ಚೋದಿಲ್ಲ.
– ಕ್ಲಿಪ್ ಹಾಕಿ, ಲಾಕ್ ನಟ್ ಬಿಗಿ ಮಾಡಿ, ಗೇಜ್ ಜೊತೆ ಮತ್ತೆ ರಸ್ತೆ ಪರೀಕ್ಷೆ. ಕಂಪನಿ ಅಂಕಿ ಬಂದ ಕೂಡಲೇ ನಿಲ್ಲಿಸಿ. ಅದನ್ನು ದಾಟಿದರೆ ವಾಪಸ್ ತಿರುವಿ.

‘ಇನ್ನೊಂದ್ ಸುತ್ತ್ ಹಾಕ್ರಿ’ ಅಂದ್ರೆ ಏನಾಗುತ್ತೆ?

ಡೀಸೆಲ್ ಎಂಜಿನ್ನಿನಲ್ಲಿ ಬಲ ಬರೋದು ಡೀಸೆಲ್‌ನಿಂದ, ಗಾಳಿ ಅದನ್ನು ಉರಿಸೋಕೆ. ಹೀಗಾಗಿ ಬರೀ ಬೂಸ್ಟ್ ಏರಿಸಿದರೆ ಪಿಕಪ್ ಹೇಳುವಷ್ಟು ಏರೋದಿಲ್ಲ. ಆಗ ಮುಂದಿನ ಹೆಜ್ಜೆಯಾಗಿ ಪಂಪಿನ ಡೀಸೆಲ್ ಸ್ಕ್ರೂಗೆ ಕೈ ಹೋಗುತ್ತದೆ. ಹೆಚ್ಚು ಡೀಸೆಲ್ ಉರಿದಾಗ ಸಿಲಿಂಡರ್ ಒಳಗಿನ ಬಿಸಿಯೂ ಒತ್ತಡವೂ ಏರುತ್ತವೆ. ಪಿಸ್ಟನ್ ಅಲ್ಯುಮಿನಿಯಂ ಮಿಶ್ರಲೋಹದ್ದು. ಶುದ್ಧ ಅಲ್ಯುಮಿನಿಯಂ 660 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ. ಲೋಡ್ ಹಾಕಿ ಏರು ಹತ್ತುವಾಗ ಹೊಗೆಯ ಬಿಸಿ ಅದಕ್ಕೂ ಮೇಲೆ ಹೋಗಬಲ್ಲದು. ಪಿಸ್ಟನ್ ಉಳಿಯೋದು ನೀರು ಮತ್ತು ಆಯಿಲ್ ಆ ಬಿಸಿಯನ್ನು ಎಳೆದುಕೊಳ್ಳೋದರಿಂದ. ಹದಿನೈದು ವರ್ಷ ಓಡಿದ ರೇಡಿಯೇಟರ್, ವಾಟರ್ ಪಂಪ್‌ಗೆ ಆ ಹೆಚ್ಚುವರಿ ಭಾರ ತಾಳೋದು ಕಷ್ಟ.

ಟರ್ಬೊಗೂ ಅದೇ ಗತಿ. ಅದರ ಶಾಫ್ಟ್ ನಿಮಿಷಕ್ಕೆ 1 ಲಕ್ಷ ಸುತ್ತು ದಾಟಿ ತಿರುಗುತ್ತದೆ. ತೆಳ್ಳನೆಯ ಆಯಿಲ್ ಪದರವೇ ಅದಕ್ಕೆ ಆಧಾರ. ಮಿತಿ ಮೀರಿ ತಿರುಗಿದರೆ ಬೇರಿಂಗ್ ಸವೆದು, ಸೀಲ್ ಹೋಗಿ, ಆಯಿಲ್ ಗಾಳಿ ಪೈಪಿಗೆ ನುಗ್ಗುತ್ತದೆ. ಡೀಸೆಲ್ ಎಂಜಿನ್ ಆ ಆಯಿಲ್ಲನ್ನೇ ಇಂಧನ ಮಾಡಿಕೊಂಡು ತಾನೇ ರೇಸ್ ಆಗತೊಡಗಬಹುದು. ಕೀ ತೆಗೆದರೂ ಬಂದ್ ಆಗೋದಿಲ್ಲ. ಅಂಥ ಹೊತ್ತಿನಲ್ಲಿ ಮ್ಯಾನ್ಯುಯಲ್ ಗೇರ್ ಗಾಡಿಯಾದರೆ ಬ್ರೇಕ್ ಗಟ್ಟಿ ಒತ್ತಿ, ಟಾಪ್ ಗೇರ್ ಹಾಕಿ, ಕ್ಲಚ್ ಬಿಟ್ಟು ಎಂಜಿನ್ ಕಟ್ಟುವಂತೆ ಮಾಡಬೇಕು. ಮುಂದೆ ಯಾರೂ ನಿಂತಿರಬಾರದು. ಬಾನೆಟ್ ತೆಗೆದು ಪೈಪಿನ ಬಾಯಿಗೆ ಕೈ ಅಡ್ಡ ಇಡೋದು ಬೇಡವೇ ಬೇಡ. ನಿಲ್ಲಿಸಲು ಆಗದಿದ್ದರೆ ಎಲ್ಲರೂ ಇಳಿದು ದೂರ ಹೋಗಿ.

ನಮ್ಮ ಕಡೆಯ ಬಿಸಿಲು

ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ಜಿಲ್ಲೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಬಿಸಿ ಗಾಳಿ ತೆಳ್ಳಗೆ. 25 ಡಿಗ್ರಿಗೆ ಹೋಲಿಸಿದರೆ 42 ಡಿಗ್ರಿಯಲ್ಲಿ ಅದೇ ಜಾಗದಲ್ಲಿ ಸುಮಾರು ಶೇ 5ರಷ್ಟು ಕಡಿಮೆ ಗಾಳಿ ಇರುತ್ತದೆ. ಅದನ್ನು ಟರ್ಬೊ ಒತ್ತಿದಾಗ ಬಿಸಿ ಇನ್ನೂ ಏರಿ ನೂರು ಡಿಗ್ರಿ ದಾಟಬಹುದು. ಮೇಲಿಂದ ಎಸಿ ಹಾಕಿ, ಎಂಟು ಹತ್ತು ಜನ ಕೂತಿದ್ದರೆ ಚಳಿಗಾಲದಲ್ಲಿ ಸಲೀಸಾಗಿ ಓಡಿದ ಗಾಡಿ ಮಧ್ಯಾಹ್ನದಲ್ಲಿ ಭಾರ ಅನಿಸೋದು ಸಹಜ. ಅದು ರೋಗವಲ್ಲ. ಬೇಸಿಗೆಯಲ್ಲಿ ಪಿಕಪ್ ಇಳಿಯಿತು ಎಂದು ರಾಡ್ ತಿರುವಿಸಿದರೆ ಎಂಜಿನ್ ಬಹಳ ಬಿಸಿಯಾಗುವ ಕಾಲದಲ್ಲೇ ಅದಕ್ಕೆ ಇನ್ನಷ್ಟು ಭಾರ ಹೊರಿಸಿದಂತೆ. ಲೋಡ್ ಇದ್ದರೆ ಬೆಳಿಗ್ಗೆ ಬೇಗ ಹೊರಡೋದು ಇದಕ್ಕೆ ಸುಲಭ ಪರಿಹಾರ.

ಕಾಯ್ದೆ ಏನು ಹೇಳುತ್ತದೆ?

ಮೋಟಾರು ವಾಹನ ಕಾಯ್ದೆ 1988ರ ಕಲಂ 52ರ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸ ಆಗುವಂತೆ ಮಾಲೀಕರು ಗಾಡಿ ಮಾರ್ಪಡಿಸುವಂತಿಲ್ಲ. 2019ರ ತಿದ್ದುಪಡಿಯಲ್ಲಿ ಬಂದ ಕಲಂ 182ಎ(4)ರಂತೆ ಅನುಮತಿ ಇಲ್ಲದ ಪ್ರತಿ ಮಾರ್ಪಾಡಿಗೆ 5,000 ರೂ. ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು. ಕೆಟ್ಟಿದ್ದನ್ನು ಕಂಪನಿ ಅಳತೆಗೆ ತರೋದು ರಿಪೇರಿ. ಅದನ್ನು ಮೀರಿ ಶಕ್ತಿ ಏರಿಸೋದು ಬೇರೆ ಮಾತು.

ಹೊಗೆ ತಪಾಸಣೆಯೂ ಇದೆ. ಬಿಎಸ್-4ಕ್ಕಿಂತ ಹಿಂದಿನ ಡೀಸೆಲ್ ಗಾಡಿಗಳ ಹೊಗೆ 65 ಎಚ್‌ಎಸ್‌ಯು, ಬಿಎಸ್-4 ಗಾಡಿಗಳದ್ದು 50 ಎಚ್‌ಎಸ್‌ಯು ಮೀರಬಾರದು. ಡೀಸೆಲ್ ಸ್ಕ್ರೂ ತಿರುವಿದ ಗಾಡಿ ಇದರಲ್ಲಿ ಪಾಸಾಗೋದು ಕಷ್ಟ. ಖಾಸಗಿ ಗಾಡಿಗೆ 15 ವರ್ಷ ತುಂಬಿದ ಮೇಲೆ ಆರ್‌ಸಿ ನವೀಕರಣಕ್ಕೆ ಆರ್‌ಟಿಒ ತಪಾಸಣೆಗೆ ನಿಲ್ಲಿಸಬೇಕು. ಆಗ ಕಪ್ಪು ಹೊಗೆ ಉಗುಳಿದರೆ ಓಡಾಟ ಮತ್ತೆ ಮಾಲೀಕರದ್ದೇ.

ಟರ್ಬೊ ಬಾಳಿಕೆಗೆ ಐದು ಅಭ್ಯಾಸ

– ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ರೇಸ್ ಬೇಡ. ಆಯಿಲ್ ಮೇಲೆ ಏರಲು ಅರ್ಧ ನಿಮಿಷ ಬಿಡಿ.
– ದೂರದಿಂದ ಲೋಡ್ ತಂದು ನಿಲ್ಲಿಸಿದಾಗ ಒಂದೆರಡು ನಿಮಿಷ ಎಂಜಿನ್ ಸುಮ್ಮನೆ ಓಡಲಿ. ತಕ್ಷಣ ಬಂದ್ ಮಾಡಿದರೆ ಬಿಸಿ ಟರ್ಬೊದಲ್ಲಿ ನಿಂತ ಆಯಿಲ್ ಸುಟ್ಟು ಮಸಿಯಾಗುತ್ತದೆ.
– ಕಂಪನಿ ಹೇಳಿದ ಗ್ರೇಡಿನ ಆಯಿಲ್, ಹೇಳಿದ ಕಿಲೋಮೀಟರಿಗೆ ಫಿಲ್ಟರ್ ಸಮೇತ ಬದಲಿ.
– ರಾಶಿ ಕಾಲದಲ್ಲಿ ಏರ್ ಫಿಲ್ಟರ್ ವಾರಕ್ಕೊಮ್ಮೆ ತೆಗೆದು ನೋಡಿ.
– ಟರ್ಬೊ ಬದಲಿಸಿದರೆ ಅದರ ಆಯಿಲ್ ಪೈಪನ್ನೂ ಬದಲಿಸಿ ಅಥವಾ ಪೂರಾ ಸ್ವಚ್ಛ ಮಾಡಿಸಿ, ಗಾಳಿ ಪೈಪಿನಲ್ಲಿ ಉಳಿದ ಚೂರು, ಆಯಿಲ್ ತೆಗೆಸಿ. ಕಟ್ಟಿದ ಆಯಿಲ್ ಪೈಪು ಹಾಗೇ ಬಿಟ್ಟರೆ ಹೊಸ ಟರ್ಬೊನೂ ಬೇಗ ಹೋಗುತ್ತದೆ.

ಗ್ಯಾರೇಜಿನಲ್ಲಿ ಕೇಳಬೇಕಾದ ನಾಲ್ಕು ಮಾತು

ಒಂದು, ‘ಗಾಳಿ ಪೈಪ್ ಸೋರ್ತದೇನು ನೋಡೀರೇನ್ರಿ?’ ಎರಡು, ‘ಗೇಜ್ ಹಾಕಿ ಎಷ್ಟು ಬಂತು?’ ಮೂರು, ‘ಕಂಪನಿ ಅಂಕಿ ಎಷ್ಟದ?’ ನಾಲ್ಕು, ‘ತಿರುವೋ ಮೊದಲು ಗುರುತು ಹಾಕೀರೇನ್ರಿ?’ ಈ ನಾಲ್ಕಕ್ಕೂ ನೇರ ಉತ್ತರ ಕೊಡುವ ಮೆಕ್ಯಾನಿಕ್ ಕೈಗೆ ಗಾಡಿ ಬಿಡಬಹುದು. ಉತ್ತರ ಬರದಿದ್ದರೆ ಸ್ಪ್ಯಾನರ್ ಎತ್ತೋ ಮೊದಲೇ ಗಾಡಿ ವಾಪಸ್ ತರೋದು ಒಳ್ಳೇದು.